ಯಾವ ಊರಿನ ಬ್ರಿಟಿಷ್ ಆಕ್ಸೆಂಟ್?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಮತ್ತು ಉದ್ಯೋಗ ಪುಟಗಳಲ್ಲಿ ಎರಡು ಬಗೆಯ ಜಾಹೀರಾತುಗಳು ತಪ್ಪದೆ ಬರುತ್ತಿರುತ್ತವೆ. ‘30 ದಿನಗಳಲ್ಲಿ ಬ್ರಿಟಿಷ್ ಆಕ್ಸೆಂಟ್’ ಎನ್ನುವ ಸ್ಪೋಕನ್ ಇಂಗ್ಲಿಷ್ ಕೇಂದ್ರಗಳದು ಒಂದು. ‘ನ್ಯೂಟ್ರಲ್ ಆಕ್ಸೆಂಟ್ ಕಡ್ಡಾಯ, ಎಂಟಿಐ ಇರಬಾರದು’ ಎನ್ನುವ ಕಂಪನಿಗಳದು ಇನ್ನೊಂದು. ಎಂಟಿಐ ಅಂದರೆ ಮಾತೃಭಾಷೆಯ ಪ್ರಭಾವ. ತರಬೇತಿಯವರು ಅದರ ಹೆಸರು ಹೇಳುವ ರೀತಿ ನೋಡಿದರೆ ಬಿಪಿ, ಶುಗರ್ ಸಾಲಿಗೆ ಸೇರಿದ ಇನ್ನೊಂದು ಕಾಯಿಲೆಯೇನೋ ಅನ್ನಿಸಬೇಕು. ಇಂಗ್ಲಿಷ್ ಉಚ್ಚಾರ ಕಲಿಸುವ ಕೆಲಸದಲ್ಲಿರುವ ನಮ್ಮ ತಕರಾರು ಇಷ್ಟೇ: ಆಡಿದ ಮಾತು ಎದುರಿನವರಿಗೆ ಅರ್ಥವಾಗದೇ ಹೋಗುವುದು ಒಂದು ಸಂಗತಿ, ಆಡಿದವರು ಯಾವ ಕಡೆಯವರೆಂದು ಗೊತ್ತಾಗುವುದು ಬೇರೆಯೇ ಸಂಗತಿ. ಮೊದಲನೆಯದನ್ನು ಕೆಲವು ವಾರಗಳ ಶ್ರದ್ಧೆಯ ಅಭ್ಯಾಸದಿಂದ ಬಹುಮಟ್ಟಿಗೆ ಸರಿಪಡಿಸಬಹುದು. ಎರಡನೆಯದರಲ್ಲಿ ಸರಿಪಡಿಸಬೇಕಾದದ್ದೇ ಇಲ್ಲ. ಜಾಹೀರಾತುಗಳು ಇವೆರಡನ್ನೂ ಕಲಸಿಬಿಡುತ್ತವೆ, ಹುಡುಗರು ಎರಡಕ್ಕೂ ಸೇರಿಸಿ ಫೀಸು ಕಟ್ಟುತ್ತಾರೆ.

ಬ್ರಿಟಿಷ್ ಆಕ್ಸೆಂಟ್ ಎನ್ನುವ ಒಂದೇ ಒಂದು ಧಾಟಿ ಬ್ರಿಟನ್ನಿನಲ್ಲೇ ಸಿಗುವುದಿಲ್ಲ. ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆಯ ಜನ ಹತ್ತುವುದು ‘ಬುಸ್’, ಚಹಾ ಕುಡಿಯುವುದು ‘ಕುಪ್’ನಲ್ಲಿ. ಲಂಡನ್ನಿನವರು ‘ಬಾತ್’, ‘ಗ್ರಾಸ್’ ಎಂದು ಎಳೆಯುವ ಕಡೆ ಉತ್ತರದವರು ‘ಬ್ಯಾತ್’, ‘ಗ್ರ್ಯಾಸ್’ ಎಂದು ಮೊಟಕಾಗಿ ಮುಗಿಸುತ್ತಾರೆ. ಇವರೇ ಭಾಷೆ ಕೆಡಿಸಿಕೊಂಡವರೆಂದು ದಕ್ಷಿಣದವರು ನಗುವುದುಂಟು. ಚರಿತ್ರೆ ನೋಡಿದರೆ ಲೆಕ್ಕ ತಿರುಗುಮುರುಗು: ‘ಕುಪ್’ ಹಳೆಯದು, ಅದನ್ನು 17ನೇ ಶತಮಾನದಲ್ಲಿ ಬದಲಿಸಿಕೊಂಡವರು ದಕ್ಷಿಣದವರು, ‘ಬಾತ್’ ಎಂಬ ಎಳೆತ ಇನ್ನೂ ಈಚಿನದು. ನ್ಯೂಕಾಸಲ್‌ನ ಹಳಬರ ಬಾಯಲ್ಲಿ ‘ಟೌನ್’ ‘ಟೂನ್’ ಆಗುತ್ತದೆ. ಗ್ಲಾಸ್ಗೋದವರು ‘ಕಾರ್’ ಅಂದರೆ ಕೊನೆಯ ರಕಾರ ನಮ್ಮವರಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಬರ್ಮಿಂಗ್‌ಹ್ಯಾಮಿನವರು ‘ಫೈವ್’ ಅಂದರೆ ‘ಫೊಯ್ವ್’ ಎಂಬಂತೆ ಕೇಳಿಸುತ್ತದೆ. ಅವರು ‘ಸಿಂಗರ್’ ಅನ್ನುವಾಗ ನಡುವಿನ ಗಕಾರವನ್ನು ‘ಫಿಂಗರ್’ನಲ್ಲಿರುವಂತೆ ಪೂರ್ತಿ ಉಚ್ಚರಿಸುತ್ತಾರೆ. ಕನ್ನಡಿಗರು ಹೀಗೇ ಹೇಳಿದರೆ ನಮ್ಮ ಕೋಚಿಂಗ್ ಕೇಂದ್ರಗಳಲ್ಲಿ ತಪ್ಪು ಎಂದು ಕೆಂಪು ಗುರುತು ಬೀಳುತ್ತದೆ. ಲಂಡನ್ನಿನ ಪೂರ್ವಭಾಗದ ಕಾಕ್ನಿಯಲ್ಲಿ ಹಕಾರ ಉದುರಿ ‘ಹೌಸ್’ ‘ಔಸ್’ ಆಗುತ್ತದೆ, ಮಂಡ್ಯದ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುವ ಹಾಗೆಯೇ. ಹಾಗೆ ಆಡಿದವರನ್ನು ನೋಡಿ ಓದಿದವರು ನಗುವುದು ಎರಡೂ ಕಡೆ ಉಂಟು.

ಇದೆಲ್ಲ ಉಚ್ಚಾರದ ಮಾತು. ವ್ಯಾಕರಣ, ಶಬ್ದಗಳೂ ಬೇರೆಯಾದರೆ ಅದನ್ನು ಉಪಭಾಷೆ ಅನ್ನುತ್ತೇವೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನವರ ‘ನೌಟ್’ ಅಂದರೆ ಏನೂ ಇಲ್ಲ. ‘ವೈಲ್’ ಎಂಬ ಪದಕ್ಕೆ ಅಲ್ಲಿ ‘ತನಕ’ ಎಂಬ ಅರ್ಥವೂ ಇದೆ. ‘ನೈನ್ ವೈಲ್ ಫೈವ್’ ಎಂದರೆ ಒಂಬತ್ತರಿಂದ ಐದರ ತನಕ.

ಜಾಹೀರಾತಿನವರ ಮನಸ್ಸಿನಲ್ಲಿರುವುದು ‘ರಿಸೀವ್ಡ್ ಪ್ರೊನನ್ಸಿಯೇಷನ್’, ಚಿಕ್ಕದಾಗಿ ಆರ್‌ಪಿ. ಅಲೆಕ್ಸಾಂಡರ್ ಎಲ್ಲಿಸ್ 1869ರಷ್ಟು ಹಿಂದೆಯೇ ಈ ಹೆಸರು ಬಳಸಿದ್ದರು. ಆದರೆ ಧ್ವನಿಶಾಸ್ತ್ರಜ್ಞ ಡೇನಿಯಲ್ ಜೋನ್ಸ್ 1917ರ ತಮ್ಮ ಉಚ್ಚಾರ ನಿಘಂಟಿನಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ‘ಪಬ್ಲಿಕ್ ಸ್ಕೂಲ್’ ಉಚ್ಚಾರ ಎಂದು ಕರೆದರು. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಈಟನ್, ಹ್ಯಾರೋದಂಥ ದುಬಾರಿ ಖಾಸಗಿ ವಸತಿ ಶಾಲೆಗಳು. ಅಂದರೆ ಇದು ಯಾವ ಪ್ರದೇಶದ ಮಾತೂ ಅಲ್ಲ, ಒಂದು ವರ್ಗದ ಮಾತು. 1926ರಲ್ಲಿ ಬಿಬಿಸಿ ತನ್ನ ಉದ್ಘೋಷಕರ ಉಚ್ಚಾರ ತೀರ್ಮಾನಿಸಲು ಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ಮಾಡಿತು. ಜೋನ್ಸ್ ಅವರೂ ಬರ್ನಾರ್ಡ್ ಷಾ ಅವರೂ ಅದರಲ್ಲಿದ್ದರು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಅವರಿಂದ ವಾರ್ತೆ ಓದಿಸಿದರು. ಉತ್ತರದ ಧಾಟಿಯನ್ನು ಜರ್ಮನ್ನರು ಅನುಕರಿಸುವುದು ಕಷ್ಟ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಪಿಕಲ್ಸ್ ತಮ್ಮೂರಿನ ರೀತಿಯಲ್ಲಿ ‘ಗುಡ್ ನೀಟ್’ ಎಂದು ಮುಗಿಸುತ್ತಿದ್ದರು. ಕೇಳುಗರಲ್ಲಿ ಹಲವರು ಗೊಣಗಿದರು. ವಾರ್ತೆ ಬದಲಾಗಿರಲಿಲ್ಲ, ಓದುವ ಬಾಯಿ ಮಾತ್ರ ಬದಲಾಗಿತ್ತು. ಶುದ್ಧ ಆರ್‌ಪಿ ಆಡುವವರು ಬ್ರಿಟನ್ನಿನಲ್ಲಿ ಶೇ 3ರಷ್ಟು ಎಂಬುದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲಿ ಕೊಟ್ಟ ಅಂದಾಜು.

ಈ ಮೇಲು–ಕೀಳು ಕೇಳುವ ಕಿವಿಯಲ್ಲಿದೆಯೇ, ಆಡಿದ ಧ್ವನಿಯಲ್ಲೇ ಇದೆಯೇ? ಇದನ್ನು ಅಳೆಯಲು ಒಂದು ಚಾಲಾಕಿನ ವಿಧಾನವಿದೆ. ಮನಶ್ಶಾಸ್ತ್ರಜ್ಞ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್–ಫ್ರೆಂಚ್ ನಡುವೆ ಬಳಸಿದ್ದು ಇದೇ. ಒಬ್ಬನೇ ವ್ಯಕ್ತಿ ಒಂದೇ ಬರಹವನ್ನು ಬೇರೆ ಬೇರೆ ಧಾಟಿಯಲ್ಲಿ ಓದುತ್ತಾನೆ. ಕೇಳುವವರು ಬೇರೆ ಬೇರೆ ಜನ ಓದುತ್ತಿದ್ದಾರೆ ಎಂದುಕೊಂಡು ಪ್ರತಿಯೊಬ್ಬರ ಬುದ್ಧಿ, ಪ್ರಾಮಾಣಿಕತೆ, ಸ್ನೇಹಪರತೆಗೆ ಅಂಕ ಹಾಕುತ್ತಾರೆ. ಓದಿದ್ದೂ ಒಂದೇ, ಗಂಟಲೂ ಒಂದೇ ಆದ್ದರಿಂದ ಅಂಕದಲ್ಲಿ ವ್ಯತ್ಯಾಸ ಬಂದರೆ ಅದು ಕೇಳುಗರ ಧೋರಣೆ. ಹೋವರ್ಡ್ ಗೈಲ್ಸ್ 1970ರಲ್ಲಿ ಬ್ರಿಟಿಷ್ ವಿದ್ಯಾರ್ಥಿಗಳನ್ನು ಇದೇ ಬಗೆಯಲ್ಲಿ ಪರೀಕ್ಷಿಸಿದಾಗ ಆರ್‌ಪಿ ಮೇಲೆ, ಬರ್ಮಿಂಗ್‌ಹ್ಯಾಮ್ ತಳದ ಹತ್ತಿರ ಬಂತು. ಮುಂದೆ ಬಿಬಿಸಿಗಾಗಿ ಸುಮಾರು 5,000 ಜನರಿಂದ 34 ಧಾಟಿಗಳಿಗೆ, ಹೆಸರು ಹೇಳಿಯೇ, ಅಂಕ ಹಾಕಿಸಿದ ಸಮೀಕ್ಷೆಯ ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಅಲ್ಲೂ ಬರ್ಮಿಂಗ್‌ಹ್ಯಾಮಿಗೆ ತಳವೇ. ಆಮೇಲೆ ದೇವಯಾನಿ ಶರ್ಮಾ ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನದಲ್ಲೂ ಈ ಏಣಿ ಹೆಚ್ಚೇನೂ ಅಲುಗಿರಲಿಲ್ಲ. ಭಾರತೀಯ ಇಂಗ್ಲಿಷ್‌ಗೆ ಸಿಕ್ಕಿದ್ದೂ ಕೆಳಗಿನ ಮೆಟ್ಟಿಲೇ. ಪ್ರಾಂತೀಯ ಧಾಟಿಯವರಿಗೆ ಸಮಾಧಾನಕ್ಕೆಂಬಂತೆ ಪ್ರಾಮಾಣಿಕತೆ, ಆತ್ಮೀಯತೆಯ ಕಲಂನಲ್ಲಿ ಒಮ್ಮೊಮ್ಮೆ ಒಳ್ಳೆಯ ಅಂಕ ಬೀಳುತ್ತದೆ. ಕೆಲಸ ಕೊಡುವವರು ನೋಡುವುದು ಬುದ್ಧಿಯ ಕಲಂ.

ಧ್ವನಿಯಲ್ಲೇ ಕುರೂಪ ಇದ್ದಿದ್ದರೆ ಭಾಷೆ ಬಾರದವರಿಗೂ ಅದು ಕೇಳಿಸಬೇಕಿತ್ತು. 1974ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗ್ರೀಕ್ ಬಾರದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಅಥೆನ್ಸ್ ಮತ್ತು ಕ್ರೀಟ್ ದ್ವೀಪದ ಧಾಟಿಗಳನ್ನು ಕೇಳಿಸಿದರು. ಗ್ರೀಸ್‌ನಲ್ಲಿ ಅಥೆನ್ಸಿನದು ಗೌರವದ ಮಾತು, ಕ್ರೀಟ್‌ನದು ಹಳ್ಳಿಗಾಡಿನದು. ಬ್ರಿಟಿಷ್ ಕಿವಿಗಳಿಗೆ ಎರಡರಲ್ಲೂ ವ್ಯತ್ಯಾಸ ತೋರಲಿಲ್ಲ. ಯಾರ ಮಾತು ದೊಡ್ಡವರದು ಎಂದು ಗೊತ್ತಿದ್ದರೆ ಮಾತ್ರ ಅದು ಇಂಪಾಗುತ್ತದೆ.

ರಕಾರದ ಕಥೆ ಇನ್ನೂ ತಮಾಷೆಯದು. ‘ಕಾರ್’, ‘ಫೋರ್’ ಅನ್ನುವಾಗ ಕೊನೆಯ ರಕಾರ ನುಂಗುವುದು ಇಂಗ್ಲೆಂಡಿನಲ್ಲಿ ನಾಜೂಕಿನ ಗುರುತು. ನ್ಯೂಯಾರ್ಕಿನಲ್ಲಿ ಅದೇ ನುಂಗುವಿಕೆ ಕೆಳವರ್ಗದ ಗುರುತು. ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ಅಲ್ಲಿನ ಮೂರು ಮಳಿಗೆಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ಯಾವುದೋ ಸಾಮಾನು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿದರು. ಉತ್ತರ ‘ಫೋರ್ತ್ ಫ್ಲೋರ್’ ಎಂದೇ ಬರಬೇಕು. ಕೇಳಿಸಲಿಲ್ಲವೆಂಬಂತೆ ಮುಂದೆ ಬಾಗಿ ಮತ್ತೊಮ್ಮೆ ಹೇಳಿಸಿದರು, ಎರಡನೇ ಸಲ ಜನ ಜಾಗರೂಕರಾಗುತ್ತಾರಲ್ಲ. ಶ್ರೀಮಂತರ ಸ್ಯಾಕ್ಸ್ ಮಳಿಗೆಯಲ್ಲಿ ಶೇ 62 ಮಂದಿ, ಮಧ್ಯಮ ವರ್ಗದ ಮೇಸೀಸ್‌ನಲ್ಲಿ ಶೇ 51 ಮಂದಿ, ಅಗ್ಗದ ಎಸ್. ಕ್ಲೈನ್‌ನಲ್ಲಿ ಶೇ 20ರಷ್ಟು ಮಂದಿ ಪೂರ್ತಿಯಾಗಿಯೋ ಭಾಗಶಃವೋ ರಕಾರ ಉಚ್ಚರಿಸಿದರು. ಇದನ್ನು ಗಮನಿಸಿದರೆ ಒಂದೇ ಕೋಚಿಂಗ್ ಕೇಂದ್ರ ಬೆಳಿಗ್ಗೆ ಬ್ರಿಟಿಷ್ ಬ್ಯಾಚಿಗೆ ರಕಾರ ಬಿಡಿ, ಸಂಜೆ ಅಮೆರಿಕನ್ ಬ್ಯಾಚಿಗೆ ರಕಾರ ಹಿಡಿಯಿರಿ ಎನ್ನುವುದರ ಅರ್ಥ ಏನೆಂದು ತಿಳಿಯುತ್ತದೆ. ನಮ್ಮವರು ಹೇಗೂ ರಕಾರ ಉಚ್ಚರಿಸುತ್ತಾರೆ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಬಹುಭಾಗವೂ ಹಾಗೆಯೇ. ಬಿಡುವ ಅಗತ್ಯ ಏನೇನೂ ಇಲ್ಲ.

ಧೋರಣೆಗೆ ಬೆಲೆ ತೆರುವವರು ಇದ್ದಾರೆ. 2002ರ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಪೊಲೀಸ್ ವಿಚಾರಣೆಯ ಧ್ವನಿಮುದ್ರಣ ಕೇಳಿದವರು, ಆರೋಪಿ ಬರ್ಮಿಂಗ್‌ಹ್ಯಾಮ್ ಧಾಟಿಯಲ್ಲಿ ಮಾತಾಡಿದಾಗ ಅವನೇ ತಪ್ಪಿತಸ್ಥನಿರಬೇಕೆಂದು ಹೆಚ್ಚು ನಂಬಿದರು. ಅಮೆರಿಕದಲ್ಲಿ ಜಾನ್ ಬಾ ಮತ್ತು ಸಂಗಡಿಗರು ಬಾಡಿಗೆ ಮನೆಗಾಗಿ ಮೂರು ಧಾಟಿಗಳಲ್ಲಿ ಫೋನ್ ಮಾಡಿ ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಬಿಳಿಯರ ಬಡಾವಣೆಗಳಲ್ಲಿ ಕಪ್ಪು ಜನರ ಮತ್ತು ಮೆಕ್ಸಿಕನ್ ಮೂಲದವರ ಧಾಟಿಗೆ ಮನೆ ನೋಡಲು ಬನ್ನಿ ಎಂಬ ಉತ್ತರ ಕಡಿಮೆ ಸಿಕ್ಕಿತು. ಅಮೆರಿಕದ ಹೊನೊಲುಲುವಿನ ವಾಹನ ಪರವಾನಗಿ ಕಚೇರಿಯ ಗುಮಾಸ್ತ ಹುದ್ದೆಗೆ 721 ಮಂದಿ ಬರೆದ ಪರೀಕ್ಷೆಯಲ್ಲಿ ಫಿಲಿಪ್ಪೀನ್ಸ್ ಮೂಲದ ಮ್ಯಾನುಯೆಲ್ ಫ್ರಗಾಂಟೆ ಮೊದಲಿಗರಾಗಿ ಬಂದರು. ಸಂದರ್ಶನದಲ್ಲಿ ಉಚ್ಚಾರದ ನೆಪದಲ್ಲಿ ಅವರಿಗೆ ಕೆಲಸ ತಪ್ಪಿತು, 1989ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕೈಹಿಡಿಯಲಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ರಕ್ಷಣೆ ಕೊಡುವ ಒಂಬತ್ತು ಅಂಶಗಳಲ್ಲಿ ಮಾತಿನ ಧಾಟಿ ಇಲ್ಲ.

ಹಾಗಾದರೆ ನಮ್ಮ ಹುಡುಗರು ಏನು ಕಲಿಯಬೇಕು? ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಆರ್. ಕೆ. ಬನ್ಸಾಲ್ 1969ರಲ್ಲೇ ಇದರ ಮೂಲ ಹಿಡಿದಿದ್ದರು: ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ತಿಳಿಯದಿರುವ ದೊಡ್ಡ ಕಾರಣಗಳಲ್ಲಿ ಒಂದು, ಪದದೊಳಗಿನ ಒತ್ತು ಬೇರೆ ಕಡೆ ಬೀಳುವುದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಅದರದರ ಮಾತ್ರೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಉದ್ದವಾಗುತ್ತದೆ, ಸ್ವರ ಏರುತ್ತದೆ, ಅಕ್ಕಪಕ್ಕದ ಅಕ್ಷರಗಳು ಕುಗ್ಗಿಹೋಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ‘ಹೋಟೆಲ್’, ‘ಕಮಿಟಿ’, ‘ಡೆವಲಪ್’ ಮೂರರಲ್ಲೂ ಎರಡನೆಯದಕ್ಕೆ. ನಾವು ಮೂರರಲ್ಲೂ ಮೊದಲನೆಯದಕ್ಕೆ ಒತ್ತು ಕೊಡುತ್ತೇವೆ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಒತ್ತಿನ ಅಕ್ಷರಕ್ಕೆ ಮೊದಲು, ಸಾಲಿನ ಮೇಲ್ಭಾಗದಲ್ಲಿ, ಒಂದು ಸಣ್ಣ ನೆಟ್ಟಗೆರೆ ಇರುತ್ತದೆ. ನಿಮ್ಮ ಕೆಲಸದಲ್ಲಿ ದಿನವೂ ಬರುವ ನೂರು ಪದಗಳಿಗೆ ಆ ಗೆರೆ ನೋಡಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಆಗುವ ಎಡವಟ್ಟು ಎಂದರೆ ಒತ್ತು ಅಂದಕೂಡಲೇ ಕೂಗುವುದು. ಉದ್ದ ಮಾಡಬೇಕು, ಕೂಗಬೇಕಾಗಿಲ್ಲ.

ಎರಡನೆಯದು ಉಸಿರು. ಇಂಗ್ಲಿಷಿನವರು ‘ಪಿನ್’, ‘ಟೈ’, ‘ಕೋಟ್’ ಅನ್ನುವಾಗ ಪದದ ಮೊದಲ ವ್ಯಂಜನದ ಜೊತೆ ಉಸಿರು ಹೊರಬೀಳುತ್ತದೆ. ಆ ಉಸಿರಿಲ್ಲದಿದ್ದರೆ ಅವರ ಕಿವಿಗೆ ‘ಬಿನ್’, ‘ಡೈ’, ‘ಗೋಟ್’ ಕೇಳುತ್ತದೆ. ನಮ್ಮ ಪ, ಟ, ಕ ಅಲ್ಪಪ್ರಾಣ, ಉಸಿರಿಲ್ಲದವು; ಫೋನಿನಲ್ಲಿ ‘ಪ್ಯಾಕ್’ ‘ಬ್ಯಾಕ್’ ಆಗುವುದು ಇದರಿಂದ. ತೆಳ್ಳನೆಯ ಕಾಗದದ ಪಟ್ಟಿಯನ್ನು ತುಟಿಗೆ ಎರಡು ಬೆರಳು ದೂರದಲ್ಲಿ ಹಿಡಿದು ‘ಪಿನ್’ ಅನ್ನಿ, ಕಾಗದ ಅಲುಗಬೇಕು. ‘ಸ್ಪಿನ್’ ಅನ್ನಿ, ಅಲುಗಬಾರದು. ಸಕಾರವಾದ ಕೂಡಲೇ ಬಂದರೆ ಉಸಿರಿಲ್ಲ. ಮಹಾಪ್ರಾಣ ನಮ್ಮ ಲಿಪಿಯಲ್ಲೇ ಇರುವುದರಿಂದ ‘ಕೋಟ್’ಗೆ ಖಕಾರ, ‘ಟೈ’ಗೆ ಠಕಾರ ನೆನೆದರೆ ಹತ್ತಿರ ಬರುತ್ತದೆ. ಪಕಾರದಲ್ಲಿ ಮಾತ್ರ ಹುಷಾರು. ಫಕಾರ ಈಗ ಹೆಚ್ಚಿನವರ ಬಾಯಲ್ಲಿ ‘ಫ್ಯಾನ್’ನ ಫಕಾರವೇ ಆಗಿಬಿಟ್ಟಿದೆ, ಹಾಗೆ ಹೇಳಿದರೆ ‘ಪಿನ್’ ಹೋಗಿ ಮೀನಿನ ಈಜುರೆಕ್ಕೆಯ ಹೆಸರಾಗುತ್ತದೆ. ಎರಡು ತುಟಿ ಪೂರ್ತಿ ಮುಚ್ಚಿ, ಆಮೇಲೆ ಉಸಿರು ಬಿಡಬೇಕು.

ಮೂರನೆಯದು ವಕಾರ. ಬನಿಯನ್ ಎಂಬರ್ಥದ ‘ವೆಸ್ಟ್’, ಪಶ್ಚಿಮ ಎಂಬರ್ಥದ ‘ವೆಸ್ಟ್’ ನಮಗೆ ಒಂದೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಬೇಕು, ಎರಡನೆಯದಕ್ಕೆ ಹಲ್ಲು ದೂರವಿದ್ದು ತುಟಿ ದುಂಡಗಾಗಬೇಕು. ಕನ್ನಡದ ವಕಾರ ಇವೆರಡರ ನಡುವಿನದಾದ್ದರಿಂದ ಒಂದು ಹೇಳಿದರೆ ಅವರಿಗೆ ಇನ್ನೊಂದು ಕೇಳುತ್ತದೆ. ‘ಎ’, ‘ಒ’ದಿಂದ ಶುರುವಾಗುವ ಪದಗಳೂ ತೊಡಕಿನವು: ‘ಎಲೆ’ಯನ್ನು ‘ಯೆಲೆ’, ‘ಒಲೆ’ಯನ್ನು ‘ವೊಲೆ’ ಅನ್ನುವ ನಾಲಿಗೆ ‘ಎವ್ರಿ’ಯನ್ನು ‘ಯೆವ್ರಿ’, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುತ್ತದೆ. ಕಿವಿ ಮತ್ತು ವರ್ಷದ ಇಂಗ್ಲಿಷ್ ಪದಗಳು ಒಂದೇ ‘ಇಯರ್’ ಆಗಿಬಿಡುವುದೂ ಇದರ ನೆಂಟನೇ. 13 ಮತ್ತು 30ರ ಇಂಗ್ಲಿಷ್ ಹೆಸರು ಒಂದೇ ಥರ ಕೇಳುವುದರಿಂದ ಅವನ್ನು ಫೋನಿನಲ್ಲಿ ಬಿಡಿ ಅಂಕಿಗಳಾಗಿ ಹೇಳಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಇಂಗ್ಲಿಷಿನವರೂ ಹಾಗೇ ಮಾಡುತ್ತಾರೆ.

ಬಿಟ್ಟುಬಿಡಬಹುದಾದ ಪಟ್ಟಿ ಇದಕ್ಕಿಂತ ದೊಡ್ಡದು. ‘ತ್ರೀ’, ‘ದಿಸ್’ ಎಂದು ನಮ್ಮ ತ, ದ ಬಳಸಿದರೆ ಯಾರಿಗೂ ತೊಂದರೆಯಿಲ್ಲ. ಐರಿಷರಲ್ಲಿ ಅನೇಕರ ಮಾತೂ ಅದೇ, ಲಂಡನ್ನಿನಲ್ಲಿ ಎಷ್ಟೋ ಜನ ‘ಫ್ರೀ’ ಎನ್ನುತ್ತಾರೆ. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಯಾವ ಧ್ವನಿಗಳು ಅನಿವಾರ್ಯ ಎಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ಮಾಡಿದ ಪಟ್ಟಿಯಲ್ಲಿ ಈ ಧ್ವನಿ ಇಲ್ಲ, ಮೇಲೆ ಹೇಳಿದ ಉಸಿರು ಇದೆ. ನಾಲಿಗೆ ಮಡಿಚಿ ಆಡುವ ನಮ್ಮ ಟ, ಡಗಳಿಂದ ಭಾರತೀಯರೆಂದು ತಕ್ಷಣ ಗುರುತು ಸಿಗುತ್ತದೆ, ಅರ್ಥಕ್ಕೆ ಧಕ್ಕೆಯಿಲ್ಲ. ಹ್ರಸ್ವ–ದೀರ್ಘ ನಮಗೆ ಹುಟ್ಟಿನಿಂದ ಬಂದದ್ದು. ‘ಶಿಪ್’–‘ಶೀಪ್’ನಲ್ಲಿ ಎಷ್ಟೋ ಐರೋಪ್ಯರು ಎಡವುವ ಕಡೆ ಕನ್ನಡಿಗರು ಎಡವುವುದಿಲ್ಲ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಧಾಟಿ ಪೂರ್ತಿ ಬದಲಿಸಿದರೂ ಗೆದ್ದೆವು ಎನ್ನುವಂತಿಲ್ಲ. ಡೊನಾಲ್ಡ್ ರೂಬಿನ್ 1992ರಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಅಮೆರಿಕನ್ ಮಹಿಳೆಯೊಬ್ಬರ ಒಂದೇ ಧ್ವನಿಮುದ್ರಿತ ಪಾಠ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಮಹಿಳೆಯ ಚಿತ್ರ, ಇನ್ನೊಂದಕ್ಕೆ ಏಷ್ಯಾದ ಮಹಿಳೆಯ ಚಿತ್ರ ತೋರಿಸಿದ್ದರು. ಎರಡನೇ ಗುಂಪಿಗೆ ಇಲ್ಲದ ವಿದೇಶಿ ಧಾಟಿ ಕೇಳಿಸಿತು, ಪಾಠವೂ ಕಡಿಮೆ ತಲೆಗೆ ಹೋಯಿತು. ಕರೆ ನಡೆಯುತ್ತಿರುವಾಗಲೇ ಕಾಲ್ ಸೆಂಟರ್ ಏಜೆಂಟರ ಧಾಟಿಯನ್ನು ಬದಲಿಸುವ ಎಐ ತಂತ್ರಾಂಶ ಈಗ ಬಂದಿದೆ. ಅದು ಫೋನಿಗೆ ಸರಿ, ಎದುರಾ ಎದುರು ಕೂತವರಿಗಲ್ಲ.

ನಮ್ಮ ರಾಜ್ಯದಿಂದ ಬ್ರಿಟನ್ನಿಗೆ ಹೋಗುವ ನರ್ಸ್‌ಗಳಿಗೆ ಆಡುವುದಕ್ಕಿಂತ ಕೇಳುವ ತರಬೇತಿ ಹೆಚ್ಚು ಬೇಕು, ಅದನ್ನು ಕೊಡುವವರೇ ಕಡಿಮೆ. ಉತ್ತರ ಇಂಗ್ಲೆಂಡಿನ ಹಿರಿಯರಲ್ಲಿ ಅನೇಕರಿಗೆ ‘ಡಿನ್ನರ್’ ಅಂದರೆ ಮಧ್ಯಾಹ್ನದ ಊಟ, ‘ಟೀ’ ಅಂದರೆ ಸಂಜೆಯ ಊಟ. ‘ಡಿನ್ನರ್ ಆದ ಮೇಲೆ ಒಂದು ಮಾತ್ರೆ’ ಎಂದರೆ ಅವರು ಹಗಲಲ್ಲೇ ನುಂಗಿಬಿಡಬಹುದು. ಗಂಟೆ ಹೇಳುವುದೇ ಸರಿ. ‘ಹಾಫ್ ಫೈವ್’ ಅಂದರೆ ಐದೂವರೆ. ‘ಪೂರ್ಲಿ’ ಅಂದರೆ ಮೈ ಸರಿಯಿಲ್ಲ. ‘ಸ್ಪೆಂಡ್ ಎ ಪೆನ್ನಿ’ ಅಂದವರನ್ನು ಶೌಚಾಲಯಕ್ಕೆ ಕರೆದೊಯ್ಯಬೇಕು. ಡರ್ಬಿ, ಸ್ಟೋಕ್ ಕಡೆ ‘ಡಕ್’, ನ್ಯೂಕಾಸಲ್‌ನಲ್ಲಿ ‘ಪೆಟ್’, ಗ್ಲಾಸ್ಗೋದಲ್ಲಿ ಹೆಂಗಸರಿಗೆ ‘ಹೆನ್’ ಎಂದು ಕರೆಯುವುದು ನಮ್ಮ ‘ಅಮ್ಮಾ’, ‘ತಾಯೀ’ ಇದ್ದ ಹಾಗೆ, ಬೈಗುಳವಲ್ಲ. ಹೋಗಲಿರುವ ನಗರದ ಸ್ಥಳೀಯ ರೇಡಿಯೋವನ್ನು ಇಂಟರ್‌ನೆಟ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಕೇಳುವುದಕ್ಕೆ ಫೀಸೂ ಇಲ್ಲ. ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಆರಿಸಿಕೊಳ್ಳಬೇಕು. ವಾರ್ತೆ ಕೇಳಿದರೆ ಪ್ರಯೋಜನ ಕಡಿಮೆ, ಓದುವವರು ನಯ ಮಾಡಿಕೊಂಡು ಓದುತ್ತಾರೆ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಬ್ರಿಟಿಷ್ ಆಕ್ಸೆಂಟ್ ಬೇಕೆಂಬುದೂ ಸುಳ್ಳು. ಮಾತಿನ ಪರೀಕ್ಷೆಯಲ್ಲಿ ಉಚ್ಚಾರಕ್ಕೆ ಕಾಲು ಭಾಗದ ಅಂಕ, ಅದರಲ್ಲಿ ನೋಡುವುದು ಎಷ್ಟು ಸುಲಭವಾಗಿ ಅರ್ಥವಾಗುತ್ತದೆ ಎಂಬುದನ್ನು. ಮಾತೃಭಾಷೆಯ ಛಾಯೆ ಇದ್ದೂ 8ನೇ ಬ್ಯಾಂಡ್ ಪಡೆಯಬಹುದು.

ಕೆಲಸ ಕೊಡುವವರಿಗೆ ಒಂದು ಮಾತು. ಮೇಲೆ ಹೇಳಿದ ಶರ್ಮಾ ಅವರ ತಂಡ ಬ್ರಿಟನ್ನಿನ ವಕೀಲಿ ಸಂಸ್ಥೆಗಳಲ್ಲಿ ನೇಮಕಾತಿ ಮಾಡುವವರನ್ನೂ ಪರೀಕ್ಷಿಸಿತು. ಅವರು ಬಹುಮಟ್ಟಿಗೆ ಧಾಟಿಯನ್ನು ಬದಿಗಿಟ್ಟು ಉತ್ತರದ ತೂಕ ನೋಡಿ ಅಂಕ ಕೊಟ್ಟರು. ಅಂಕ ಹಾಕುವ ಮುನ್ನ ಧಾಟಿಯ ಪೂರ್ವಗ್ರಹದ ಬಗ್ಗೆ ನಾಲ್ಕು ಸಾಲು ಓದಿಸಿದರೂ ಸಾಮಾನ್ಯ ಜನರಲ್ಲಿ ತಾರತಮ್ಯ ತಗ್ಗಿತು. ಆದ್ದರಿಂದ ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ ಕೇಳಿ, ವಿಷಯಕ್ಕೆ ಮೊದಲು ಅಂಕ ಬರೆದಿಟ್ಟು, ಆಮೇಲೆ ಮಾತಿನ ಸ್ಪಷ್ಟತೆಗೆ ಬೇರೆ ಅಂಕ ಹಾಕಬಹುದು. ಸ್ಪಷ್ಟತೆಯನ್ನು ಅಳೆಯಲು ಅಭ್ಯರ್ಥಿಯಿಂದ ಒಂದು ವಿಳಾಸ, ಒಂದು ಫೋನ್ ನಂಬರು, ಒಂದು ದಿನಾಂಕವನ್ನು ಫೋನಿನಲ್ಲಿ ಹೇಳಿಸಿ, ಆ ಕಡೆ ಬೇರೊಬ್ಬರು ಬರೆದುಕೊಳ್ಳಲಿ. ಬರೆದದ್ದು ಸರಿಯಿದ್ದರೆ ಉಚ್ಚಾರವೂ ಆ ಕೆಲಸಕ್ಕೆ ಸರಿಯಿದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ‘ನ್ಯೂಟ್ರಲ್ ಆಕ್ಸೆಂಟ್ ಕಡ್ಡಾಯ’ ಎಂದು ಬರೆದು ತರುವ ಕಂಪನಿಗಳಿಗೆ ‘ಫೋನಿನಲ್ಲಿ ಇಂಗ್ಲಿಷ್ ಸ್ಪಷ್ಟವಾಗಿ ಮಾತಾಡಬಲ್ಲವರು’ ಎಂದು ಬದಲಿಸಲು ನಿಮ್ಮ ಜಾಹೀರಾತು ವಿಭಾಗ ಸೂಚಿಸಬಹುದು. 30 ದಿನಗಳ ಬ್ರಿಟಿಷ್ ಆಕ್ಸೆಂಟ್ ಮಾರುವವರನ್ನು, ಅದು ಬ್ರಿಟನ್ನಿನ ಯಾವ ಊರಿನದು ಎಂದು ಜಾಹೀರಾತಿನಲ್ಲೇ ನಮೂದಿಸಲು ಕೇಳಬಹುದು.

ಇಂತಿ,
ಇಂಗ್ಲಿಷ್ ಉಚ್ಚಾರ ಕಲಿಸುವ ಕೆಲವು ಅಧ್ಯಾಪಕರು,
ಮೈಸೂರು